‘ಮಾಝ್ಯಾ ನವರ‍್ಯಾಚಿ ಬಾಯ್ಕೋ’: ಮುರಿದ ದಾಂಪತ್ಯದ ನಗೆ ಧಾರಾವಾಹಿಗೆ ದೊರೆತ ಮೆಚ್ಚುಗೆ, ಟೀಕೆ

ದಾಂಪತ್ಯವೊಂದು ಮುರಿದುಬೀಳುವ ಕಥೆಯನ್ನು ನಗೆಯ ಧಾಟಿಯಲ್ಲಿ ನಿರೂಪಿಸಿದ ಮರಾಠಿ ಧಾರಾವಾಹಿ ‘ಮಾಝ್ಯಾ ನವರ‍್ಯಾಚಿ ಬಾಯ್ಕೋ’. ಶೀರ್ಷಿಕೆಯ ಅರ್ಥ ‘ನನ್ನ ಗಂಡನ ಹೆಂಡತಿ’. ಜೀ ಮರಾಠಿ ವಾಹಿನಿಯಲ್ಲಿ 2016ರ ಆಗಸ್ಟ್‌ನಲ್ಲಿ ಆರಂಭವಾದ ಇದು 2021ರ ಮಾರ್ಚ್‌ನಲ್ಲಿ ಮುಕ್ತಾಯಗೊಂಡಿತು.

1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದ ವಿಜಯಪುರ ಜಿಲ್ಲೆಗೆ ಮರಾಠಿ ಪರಕೀಯ ಭಾಷೆಯಲ್ಲ. ನಗರದ ಸೊಲ್ಲಾಪುರ ರಸ್ತೆ ಹಿಡಿದು ಉತ್ತರಕ್ಕೆ ಸುಮಾರು 100 ಕಿ.ಮೀ. ಸಾಗಿದರೆ ಸೊಲ್ಲಾಪುರ, ತಿಕೋಟಾದಿಂದ ಪಶ್ಚಿಮಕ್ಕೆ ಜತ್ತ ಸೀಮೆ. ಜತ್ತ, ಅಕ್ಕಲಕೋಟೆಗಳಲ್ಲಿ ಮನೆಮಾತು ಕನ್ನಡವಾಗಿ, ಶಾಲೆ–ಕಚೇರಿಯ ಮಾತು ಮರಾಠಿಯಾಗಿರುವ ಕುಟುಂಬಗಳು ಅನೇಕ. ಆದ್ದರಿಂದ ಈ ಧಾರಾವಾಹಿಯ ಕುರಿತ ಚರ್ಚೆ ಗಡಿಯ ಈಚೆಗೂ ಸಲ್ಲುವಂಥದು.

ನಾಗಪುರದ ಕಡೆಯ ರಾಧಿಕಾ ಮದುವೆಯಾಗಿ ಮುಂಬಯಿ ಸೇರಿದವಳು. ಪತಿ ಗುರುನಾಥನಿಗೆ ಆಕೆಯ ಉಡುಗೆ, ಅಡುಗೆ, ಮಾತು ಎಲ್ಲವೂ ಹಳ್ಳಿತನವಾಗಿ ತೋರುತ್ತದೆ. ಆತ ಶನಾಯಾ ಎಂಬ ಯುವತಿಯ ಬೆನ್ನುಹತ್ತುತ್ತಾನೆ. ವಿಷಯ ತಿಳಿದ ರಾಧಿಕಾ ಕಣ್ಣೀರಿಡುತ್ತ ಮೂಲೆ ಸೇರುವುದಿಲ್ಲ. ಪತಿಯ ಸುಳ್ಳುಗಳನ್ನು ಒಂದೊಂದಾಗಿ ಬಯಲಿಗೆಳೆಯುತ್ತಾಳೆ, ಮಸಾಲೆ ವ್ಯಾಪಾರ ಆರಂಭಿಸುತ್ತಾಳೆ, ಕೊನೆಗೆ ವಿಚ್ಛೇದನ ಪಡೆದು ಸೌಮಿತ್ರನೊಡನೆ ಮರುವಿವಾಹವಾಗುತ್ತಾಳೆ.

ಮೆಚ್ಚುಗೆಯ ಬಹುಪಾಲು ಸಂದದ್ದು ರಾಧಿಕಾ ಪಾತ್ರಧಾರಿ ಅನಿತಾ ದಾತೆ ಅವರಿಗೆ. ವಿದರ್ಭದ ವರ‍್ಹಾಡಿ ನುಡಿಯನ್ನು ಅವರು ಆಡಿದ ರೀತಿಯೇ ಧಾರಾವಾಹಿಯ ಜೀವಾಳ. ಪುಣೆ–ಮುಂಬಯಿಯ ಶಿಷ್ಟ ಮರಾಠಿಗೆ ಒಗ್ಗಿದ್ದ ಕಿರುತೆರೆಯಲ್ಲಿ ವರ‍್ಹಾಡಿ ಮಾತನಾಡುವ ನಾಯಕಿ ಅಪರೂಪವಾಗಿದ್ದಳು. ಮೊದಲ ಕಂತುಗಳಲ್ಲಿ ನಗೆಗೀಡಾಗುವುದು ಆ ಮಾತು. ಕ್ರಮೇಣ ಅದನ್ನು ಹೀಯಾಳಿಸುವ ಗಂಡನೇ ನಗೆಪಾಟಲಿಗೀಡಾಗುತ್ತಾನೆ. ಹಾಸ್ಯದ ಗುರಿಯನ್ನು ಹೀಗೆ ಹೆಂಡತಿಯಿಂದ ಗಂಡನತ್ತ ತಿರುಗಿಸಿದ್ದೇ ಈ ಕಥೆಯ ನಿಜವಾದ ಸಾಧನೆ. ವೀಕ್ಷಕರ ಸಂಖ್ಯೆಯಲ್ಲಿಯೂ ಧಾರಾವಾಹಿ ದೀರ್ಘಕಾಲ ಮರಾಠಿಯ ಮುಂಚೂಣಿಯಲ್ಲಿತ್ತು. ಗುರುನಾಥನಾಗಿ ಅಭಿಜಿತ್ ಖಾಂಡಕೇಕರ್ ಬೈಗುಳವನ್ನೇ ಬಹುಮಾನವಾಗಿ ಪಡೆದರೆನ್ನಬಹುದು.

ಟೀಕೆಗಳೂ ಕಡಿಮೆಯಿರಲಿಲ್ಲ. ಗೃಹಿಣಿಯ ಮಸಾಲೆ ಉದ್ಯಮ ನೋಡನೋಡುತ್ತಿದ್ದಂತೆ 300 ಕೋಟಿ ರೂಪಾಯಿಗಳ ಕಂಪನಿಯಾದದ್ದು ಸಾಮಾಜಿಕ ಜಾಲತಾಣಗಳಲ್ಲಿ ಅಪಹಾಸ್ಯಕ್ಕೆ ಗುರಿಯಾಯಿತು. ಕಥೆಯನ್ನು ವಿಪರೀತ ಎಳೆಯಲಾಗಿದೆ ಎಂಬ ಆಕ್ಷೇಪ ಕೊನೆಯವರೆಗೂ ಉಳಿಯಿತು. ಶನಾಯಾ ಪಾತ್ರದಲ್ಲಿ ರಸಿಕಾ ಸುನೀಲ್ ಅವರ ಸ್ಥಾನಕ್ಕೆ 2018ರಲ್ಲಿ ಈಶಾ ಕೇಸಕರ್ ಬಂದರು. ಮುಂದೆ ರಸಿಕಾ ಅವರೇ ಮರಳಿದರು.

ಇವೆಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಬೇರೆಯಿದೆ. ದಾರಿ ತಪ್ಪಿದ ಗಂಡನನ್ನು ಸರಿದಾರಿಗೆ ತರುವುದು ಹೆಂಡತಿಯ ಹೊಣೆಯೇ? ರಾಧಿಕಾ ನೂರಾರು ಕಂತುಗಳನ್ನು ಅದಕ್ಕಾಗಿಯೇ ಸವೆಸಿದಳು. ಧಾರಾವಾಹಿ ನಡೆಯುತ್ತಿದ್ದಾಗಲೇ, 2018ರ ಸೆಪ್ಟೆಂಬರ್ 27ರಂದು, ಸುಪ್ರೀಂ ಕೋರ್ಟ್ ವ್ಯಭಿಚಾರವನ್ನು ಅಪರಾಧವೆಂದು ಪರಿಗಣಿಸುತ್ತಿದ್ದ ಭಾರತೀಯ ದಂಡಸಂಹಿತೆಯ 497ನೇ ಕಲಮನ್ನು ರದ್ದುಪಡಿಸಿತು. ವಿಚ್ಛೇದನಕ್ಕೆ ಅದು ಕಾರಣವಾಗಿ ಉಳಿಯಿತು. ಆದರೂ ಪತಿಯ ದ್ರೋಹ ಸಾಬೀತಾದ ಹೆಣ್ಣುಮಗಳು ತವರಿನಲ್ಲಿ ಕೇಳುವ ಮೊದಲ ಮಾತು ‘ಇನ್ನಷ್ಟು ಸೈರಿಸಿಕೋ’ ಎಂಬುದೇ. ಧಾರಾವಾಹಿಯ ಎಳೆದಾಟವನ್ನು ಹಳಿದವರು ಈ ಎಳೆದಾಟವನ್ನೂ ಗಮನಿಸಬೇಕಿತ್ತು.

ಕನ್ನಡದಲ್ಲಿ ಇದೇ ಕಥೆ 2017ರಲ್ಲಿ ‘ಸುಬ್ಬಲಕ್ಷ್ಮೀ ಸಂಸಾರ’ ಎಂಬ ಹೆಸರಿನಿಂದ ಜೀ ಕನ್ನಡದಲ್ಲಿ ಮೂಡಿಬಂದಿತು. ಡಬ್ಬಿಂಗ್ ವಿರುದ್ಧದ ನಿರ್ಬಂಧವನ್ನು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿಯೇ ತಪ್ಪೆಂದು ತೀರ್ಪಿತ್ತಿದ್ದರೂ ಕಿರುತೆರೆಯಲ್ಲಿ ರೀಮೇಕ್ ಪದ್ಧತಿಯೇ ರೂಢಿಯಲ್ಲಿತ್ತು. ಕಥೆಯನ್ನು ಹೀಗೆ ಎರವಲು ತರಬಹುದು. ನಾಗಪುರ–ಮುಂಬಯಿ ನುಡಿಗಳ ನಡುವಿನ ಏರುತಗ್ಗನ್ನು ತರುವುದು ಸುಲಭವಲ್ಲ. ಅದಕ್ಕೆ ಸಮನಾದ ಅಂತರ ಕನ್ನಡದಲ್ಲಿರುವುದು ವಿಜಯಪುರಕ್ಕೂ ಬೆಂಗಳೂರಿಗೂ ನಡುವೆ. ಬೆಂಗಳೂರಿನ ಕಿರುತೆರೆಯಾದರೋ ಈ ಸೀಮೆಯ ಮಾತನ್ನು ಬಹುಮಟ್ಟಿಗೆ ನಗಿಸುವ ಪೋಷಕ ಪಾತ್ರಗಳಿಗೆ ಮೀಸಲಿಟ್ಟಿದೆ. ಗಂಡನನ್ನು ನ್ಯಾಯಾಲಯದ ಕಟ್ಟೆ ಹತ್ತಿಸುವ ನಾಯಕಿಯ ಬಾಯಲ್ಲಿ ಅದು ಕೇಳಿಬರುವುದು ವಿರಳ.