ಕಾಡಂಚಿನ ಕಸ: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ

ರಸ್ತೆಬದಿ, ಹಳ್ಳದ ದಂಡೆ, ಕೆರೆಯಂಚು, ಗೋಮಾಳ, ಅರಣ್ಯಗಳಲ್ಲಿ ಕಸ ಸುರಿಯುವುದು ಅಪರಾಧ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತನ್ನ ಆವರಣದ ಹೊರಗೆ ಕಸ ಎಸೆಯುವುದನ್ನಷ್ಟೇ ಅಲ್ಲ, ಸುಡುವುದನ್ನೂ ಹೂಳುವುದನ್ನೂ ನಿಷೇಧಿಸಿದವು. ಉತ್ತರ ಕನ್ನಡ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಕಾಡಂಚಿನ ಕಸಕ್ಕೆ ಜನರ ಅಶಿಸ್ತನ್ನೇ ದೂರುವುದು ವಾಡಿಕೆ. ಅಶಿಸ್ತು ಇಲ್ಲವೆಂದಲ್ಲ, ಅದಕ್ಕೆ ಜಾಗ ಮಾಡಿಕೊಟ್ಟದ್ದು ಆಡಳಿತದ ಗಡಿಗಳು. ದಾಂಡೇಲಿಗೆ ನಗರಸಭೆಯಿದೆ, ಹಳಿಯಾಳಕ್ಕೆ ಪುರಸಭೆ, ಮುಂಡಗೋಡಕ್ಕೆ ಪಟ್ಟಣ ಪಂಚಾಯತ್. ಜೋಯಿಡಾ ತಾಲ್ಲೂಕು ಕೇಂದ್ರವಾದರೂ ಗ್ರಾಮ ಪಂಚಾಯತ್. ಪಟ್ಟಣದ ಕಸದ ಗಾಡಿ ಊರ ಎಲ್ಲೆ ದಾಟುವುದಿಲ್ಲ. ಎಲ್ಲೆಯಾಚೆಯ ಹೊಣೆ ಗ್ರಾಮ ಪಂಚಾಯತ್‌ನದು, ಕಸ ಬೀಳುವ ನೆಲ ಬಹುಪಾಲು ಅರಣ್ಯ ಇಲಾಖೆಯದು.

ಪ್ರವಾಸೋದ್ಯಮ ಬೆಳೆದದ್ದೂ ಈ ಎಲ್ಲೆಯಾಚೆಗೇ. ದಾಂಡೇಲಿ ವನ್ಯಜೀವಿಧಾಮ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು; 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಸೂಪಾ ಅಣೆಕಟ್ಟೆಯ ಕೆಳಗೆ ಗಣೇಶಗುಡಿಯ ರಾಫ್ಟಿಂಗ್, ಸುತ್ತಲಿನ ರೆಸಾರ್ಟ್, ಹೋಮ್‌ಸ್ಟೇಗಳು ವಾರಾಂತ್ಯಕ್ಕೆ ಜನರನ್ನು ಸೆಳೆಯುತ್ತವೆ. ಅವರು ಬಿಟ್ಟುಹೋಗುವ ಕಸದಲ್ಲಿ ನೀರಿನ ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ, ಯಾರಾದರೂ ಆರಿಸಿಕೊಂಡಾರು. ಚಿಪ್ಸ್ ಪೊಟ್ಟಣವನ್ನು ಯಾರೂ ಕೊಳ್ಳುವುದಿಲ್ಲ: ಪ್ಲಾಸ್ಟಿಕ್ಕಿನ ಪದರಕ್ಕೆ ಅಲ್ಯೂಮಿನಿಯಂ ಲೇಪ, ಬಿಡಿಸಲು ಬಾರದು. 2022ರ ಜುಲೈ 1ರಿಂದ ಜಾರಿಯಾದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಚಮಚ, ಸ್ಟ್ರಾಗಳಿದ್ದವು, ಈ ಪೊಟ್ಟಣವಿರಲಿಲ್ಲ. ಒಳಗಂಟಿದ ಉಪ್ಪಿನ ಆಸೆಗೆ ದನ, ಜಿಂಕೆಗಳು ಅದನ್ನು ನುಂಗಿದರೆ ಹೊಟ್ಟೆಯಲ್ಲಿ ಕರಗದೆ ಉಳಿಯುತ್ತದೆ. ಒಡೆದ ಮದ್ಯದ ಬಾಟಲಿಯ ಗಾಜು ದನದ ಗೊರಸಿಗೂ, ಭತ್ತದ ಕಾಲಕ್ಕೆ ಹಳಿಯಾಳ, ಮುಂಡಗೋಡದ ಗದ್ದೆಗಳಿಗೆ ಇಳಿಯುವ ಆನೆಯ ಪಾದಕ್ಕೂ ಅಪಾಯ.

ಹಳ್ಳಿಯವರು ಹಿಂದಿನಿಂದಲೂ ಹಿತ್ತಿಲಲ್ಲೇ ಕಸ ಹಾಕುತ್ತಿದ್ದರಲ್ಲ ಎಂಬ ಮಾತಿದೆ. ಆ ತಿಪ್ಪೆ ಗೊಬ್ಬರವಾಗಿ ಗದ್ದೆ ಸೇರುತ್ತಿತ್ತು. ಬದಲಾದದ್ದು ಕಸದ ಜಾತಿ. ದಂಡ ಹಾಕಿದರೆ ಸಾಕು ಎನ್ನುವವರೂ ಉಂಟು. ದಂಡ ಬೇಕು, ಆದರೆ ಸಿಕ್ಕಿಬಿದ್ದವನು ಅದೇ ಕಸವನ್ನು ಎಲ್ಲಿಗೆ ಒಯ್ಯಬೇಕೆಂದು ಕೇಳಿದರೆ ಉತ್ತರ ಇರಬೇಕಲ್ಲ. ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹಣದ್ದು: ಜೋಯಿಡಾದಂಥ ಕಡೆ ಮನೆಗಳು ಕಾಡಿನ ನಡುವೆ ಚದುರಿವೆ, ಗಾಡಿಯ ಡೀಸೆಲ್ಲಿಗೇ ಸಣ್ಣ ಪಂಚಾಯತ್‌ನ ಆದಾಯ ಸಾಲದು. ದಿನವೂ ಗಾಡಿ ಓಡಿಸುವುದಾದರೆ ಈ ಲೆಕ್ಕ ಸರಿ. ಆದರೆ ಹಸಿ ಕಸ ಹಿತ್ತಿಲು ಬಿಟ್ಟು ಹೊರಡಬೇಕಿಲ್ಲ, ಒಣ ಕಸ ಕೊಳೆಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬರುವ ಒಂದೇ ಗಾಡಿಯನ್ನು ನಾಲ್ಕಾರು ಪಂಚಾಯತ್‌ಗಳು ಹಂಚಿಕೊಳ್ಳಬಹುದು. 2020ರಲ್ಲಿ ಆರಂಭವಾದ ಸ್ವಚ್ಛ ಭಾರತ್ ಮಿಷನ್ ಗ್ರಾಮೀಣದ ಎರಡನೇ ಹಂತದಲ್ಲಿ ಘನತ್ಯಾಜ್ಯಕ್ಕೆ ಅನುದಾನ ಇಡಲಾಯಿತು. ರಾಜ್ಯದ ಹಲವು ಪಂಚಾಯತ್‌ಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರೇ ಗಾಡಿ ಓಡಿಸಿ ಕಸ ವಿಂಗಡಿಸುತ್ತಿದ್ದಾರೆ. ಉಳಿಯುವ ತೊಡಕು ಹೋಮ್‌ಸ್ಟೇಗಳದು. 2016ರ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋ ಮೀರಿದ ಸಂಸ್ಥೆಯನ್ನಷ್ಟೇ ದೊಡ್ಡ ಪ್ರಮಾಣದ ಉತ್ಪಾದಕ ಎಂದವು. ನಾಲ್ಕು ಕೋಣೆಯ ಹೋಮ್‌ಸ್ಟೇ ಒಂದೊಂದಾಗಿ ಆ ಲೆಕ್ಕಕ್ಕೆ ಬರುವುದಿಲ್ಲ, ಎಲ್ಲವೂ ಸೇರಿದರೆ ಪಂಚಾಯತ್‌ಗೆ ಅದೇ ದೊಡ್ಡ ಹೊರೆ. ಇವುಗಳ ಪರವಾನಗಿ ನವೀಕರಿಸುವಾಗ ಆ ವರ್ಷ ಒಣ ಕಸ ಒಪ್ಪಿಸಿದ ರಸೀದಿಯನ್ನು ಕಡ್ಡಾಯವಾಗಿ ಕೇಳಬೇಕು.