ಮನೆ, ನಿವೇಶನ ಮತ್ತು ಅಡಮಾನ ವ್ಯವಹಾರಗಳಲ್ಲಿ ಬಳಕೆಯಲ್ಲಿರುವ ಪದಗಳು: ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಗೋಕಾಕ, ಹಿಂದೆ ಗೋಕಾಕದ ಭಾಗವೇ ಆಗಿದ್ದ ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳನ್ನೊಳಗೊಂಡ ಬೆಳಗಾವಿ ಜಿಲ್ಲೆಯು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಆ ಕಾಲದ ಕಂದಾಯ ವ್ಯವಹಾರದಲ್ಲಿ ರೂಢಿಗೆ ಬಂದ ಉತಾರ, ಬೋಜಾ, ಗಹಾಣ, ಸಂಚಕಾರ, ವಾರಸಾ ಮುಂತಾದ ಪದಗಳು ಇಂದಿಗೂ ಜನರ ಮಾತಿನಲ್ಲಿಯೂ ಮನೆತನದ ಹಳೆಯ ಕಾಗದಪತ್ರಗಳಲ್ಲಿಯೂ ಉಳಿದಿವೆ. ಆದರೆ ಗಣಕೀಕೃತ ನಮೂನೆಗಳಲ್ಲಿ ಪಹಣಿ, ಋಣಭಾರ, ಅಡಮಾನ, ಪೌತಿ ಎಂಬ ಪದಗಳನ್ನು ಬಳಸಲಾಗುತ್ತಿದೆ. ಒಂದೇ ವಿಷಯಕ್ಕೆ ಎರಡು ಹೆಸರಿರುವುದರಿಂದ ಅರ್ಜಿಗಳು ತಿರಸ್ಕೃತವಾಗುವುದಷ್ಟೇ ಅಲ್ಲ, ಕೆಲವೊಮ್ಮೆ ಯಾವ ಪತ್ರಕ್ಕೆ ಸಹಿ ಮಾಡುತ್ತಿದ್ದೇವೆ ಎಂಬುದೂ ಸಹಿ ಮಾಡುವವರಿಗೆ ತಿಳಿಯದೆ ಹೋಗುತ್ತದೆ. ಆದ್ದರಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಈ ವಿವರಣೆಯನ್ನು ನೀಡಲಾಗಿದೆ.

ಭೂಮಿ ಮತ್ತು ನಿವೇಶನದ ದಾಖಲೆಗಳು

ಉತಾರ ಎಂದರೆ ದಾಖಲೆಯ ನಕಲು ಎಂದರ್ಥ. ಜಮೀನಿನ ಉತಾರವೇ ಪಹಣಿ ಅಥವಾ ಆರ್.ಟಿ.ಸಿ. ಇದರ 9ನೇ ಅಂಕಣದಲ್ಲಿ ಕಬ್ಜೇದಾರರ ಹೆಸರು, 10ನೇ ಅಂಕಣದಲ್ಲಿ ಹಕ್ಕು ಬಂದ ರೀತಿ, 11ನೇ ಅಂಕಣದಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು ನಮೂದಾಗಿರುತ್ತವೆ. ಖರೀದಿದಾರರು ಬಹುತೇಕ 9ನೇ ಅಂಕಣವನ್ನು ಮಾತ್ರ ನೋಡುತ್ತಾರೆ, ನೋಡಬೇಕಾದದ್ದು 11ನೆಯದನ್ನು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಿಂದ ಅಥವಾ ಬ್ಯಾಂಕಿನಿಂದ ಪಡೆದ ಬೆಳೆ ಸಾಲದ ಬೋಜಾ ಅಲ್ಲಿಯೇ ಇರುತ್ತದೆ. ಸಾಲ ತೀರಿದ ಮಾತ್ರಕ್ಕೆ ಬೋಜಾ ತಾನಾಗಿ ಇಳಿಯುವುದಿಲ್ಲ. ಸಾಲ ನೀಡಿದ ಸಂಸ್ಥೆಯ ತೀರುವಳಿ ಪತ್ರವನ್ನು ಲಗತ್ತಿಸಿ ಬೋಜಾ ಇಳಿಸಲು ಅರ್ಜಿ ಸಲ್ಲಿಸತಕ್ಕದ್ದು.

ಮನೆ ಮತ್ತು ಖಾಲಿ ಜಾಗಗಳ ಉತಾರ ಬೇರೆ. ನಗರ ಮಾಪನವಾಗಿರುವ ಪ್ರದೇಶಗಳಲ್ಲಿ ಇದನ್ನು ಸಿ.ಟಿ.ಎಸ್. ಉತಾರ ಎನ್ನುತ್ತಾರೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು ನಮೂನೆ 11 ನೀಡಲಾಗುತ್ತದೆ. ಗೋಕಾಕ ನಗರಸಭೆ, ಮೂಡಲಗಿ, ಹುಕ್ಕೇರಿ ಹಾಗೂ ಸಂಕೇಶ್ವರ ಪುರಸಭೆಗಳ ವ್ಯಾಪ್ತಿಯಲ್ಲಿ ಆಯಾ ಸಂಸ್ಥೆಯೇ ಇ-ಖಾತೆ ನೀಡುತ್ತದೆ. 2024ರ ಅಕ್ಟೋಬರ್‌ನಿಂದ ಕೃಷಿಯೇತರ ಆಸ್ತಿಯ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಖಾತೆಯು ತೆರಿಗೆ ನಿರ್ಧರಣೆಯ ದಾಖಲೆಯೇ ಹೊರತು ಮಾಲೀಕತ್ವದ ಪತ್ರವಲ್ಲ. ಮಾಲೀಕತ್ವಕ್ಕೆ ಮೂಲ ಪತ್ರಗಳೇ ಆಧಾರ.

ಗಾವಠಾಣ ಎಂದರೆ ಊರಿನ ಮೂಲ ವಸತಿ ಪ್ರದೇಶ. ಅದರ ಹೊರಗಿನ ಜಮೀನಿನಲ್ಲಿ ಮನೆ ಕಟ್ಟಬೇಕಾದಲ್ಲಿ 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 95ನೇ ಕಲಂ ಮೇರೆಗೆ ಭೂಪರಿವರ್ತನೆ ಆಗಿರಬೇಕು. ಜನರ ಮಾತಿನಲ್ಲಿ ಇದೇ ಎನ್.ಎ. ಭೂಪರಿವರ್ತನೆಯ ಆದೇಶ ಮತ್ತು ಬಡಾವಣೆ ನಕ್ಷೆಯ ಅನುಮೋದನೆ ಎರಡು ಪ್ರತ್ಯೇಕ ಸಂಗತಿಗಳು. ಒಂದಿದ್ದು ಇನ್ನೊಂದಿಲ್ಲದಿದ್ದಲ್ಲಿ ಸಾಲಕ್ಕೂ ಪರವಾನಿಗೆಗೂ ತೊಡಕಾಗುತ್ತದೆ.

ಅಳತೆಯಲ್ಲಿ 40 ಗುಂಟೆಗೆ 1 ಎಕರೆ, 16 ಆಣೆಗೆ 1 ಗುಂಟೆ. 1 ಗುಂಟೆಯು 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. 30x40 ಅಳತೆಯ ನಿವೇಶನವು 1,200 ಚದರ ಅಡಿ ಇರುವುದರಿಂದ ಅದು 1 ಗುಂಟೆಗಿಂತ ದೊಡ್ಡದು. "ಒಂದು ಗುಂಟೆ ಪ್ಲಾಟು" ಎಂದು ಮಾತಾಡಿ 30x40ರ ದರ ಕೊಡುವುದು 111 ಚದರ ಅಡಿಯ ನಷ್ಟ.

ವಾರಸಾ ಅಥವಾ ಪೌತಿ ಖಾತೆ ಎಂದರೆ ಮೃತರ ಹೆಸರಿನಿಂದ ವಾರಸುದಾರರ ಹೆಸರಿಗೆ ದಾಖಲೆ ಬದಲಾವಣೆ. ವಾಟ್ನಿ ಎಂದರೆ ವಿಭಾಗ. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳ ನೀರು ಗೋಕಾಕ ನಗರಕ್ಕೆ ನುಗ್ಗಿ ಮನೆಗಳು ಬಿದ್ದವು. ಸಂಪೂರ್ಣ ಬಿದ್ದ ಮನೆಗಳಿಗೆ ಸರ್ಕಾರವು 5 ಲಕ್ಷ ರೂಪಾಯಿವರೆಗೆ ನೆರವು ಘೋಷಿಸಿತ್ತು. ಮನೆಯ ದಾಖಲೆ ಅಜ್ಜನ ಹೆಸರಿನಲ್ಲಿಯೇ ಉಳಿದಿದ್ದರೆ ಇಂತಹ ಸಂದರ್ಭದಲ್ಲಿ ಮೊದಲು ವಾರಸುದಾರಿಕೆಯನ್ನೇ ತೋರಿಸಬೇಕಾಗುತ್ತದೆ. ನೀರು ಬಂದ ಮೇಲೆ ಕಾಗದ ಹುಡುಕುವುದು ಕಷ್ಟ.

ಖರೀದಿ ಮತ್ತು ನೋಂದಣಿ

ಸಂಚಕಾರ ಎಂದರೆ ಮುಂಗಡ ಹಣ. ಸಂಚಕಾರ ಪತ್ರವು ಮಾರಾಟದ ಕರಾರು ಮಾತ್ರ. ಅದರಿಂದ ಆಸ್ತಿಯ ಹಕ್ಕು ವರ್ಗಾವಣೆಯಾಗುವುದಿಲ್ಲ. ಮುಖ್ತಿಯಾರ ಪತ್ರದ ಮೇಲೆ ಮಾಡುವ ಮಾರಾಟದಿಂದಲೂ ಹಕ್ಕು ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟಪಡಿಸಿದೆ. ಹಕ್ಕು ಬರುವುದು ನೋಂದಾಯಿತ ಖರೀದಿ ಪತ್ರದಿಂದ. 1908ರ ನೋಂದಣಿ ಅಧಿನಿಯಮದಂತೆ ಬರೆದುಕೊಟ್ಟ ದಿನಾಂಕದಿಂದ 4 ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಹಾಜರುಪಡಿಸತಕ್ಕದ್ದು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವುದೇ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಗೆ ಅವಕಾಶವಿದೆ.

ಮಾರ್ಗಸೂಚಿ ದರವು ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಲೆ. ಪತ್ರದಲ್ಲಿ ಬರೆದ ಬೆಲೆ ಮತ್ತು ಮಾರ್ಗಸೂಚಿ ಬೆಲೆ ಇವುಗಳಲ್ಲಿ ಹೆಚ್ಚಿನದರ ಮೇಲೆ ಮುದ್ರಾಂಕ ಶುಲ್ಕ ನಿರ್ಧಾರವಾಗುತ್ತದೆ. ಗ್ರಾಮೀಣ ಪ್ರದೇಶದಲ್ಲಿ 10 ಲಕ್ಷ ರೂಪಾಯಿ ಬೆಲೆಯ ನಿವೇಶನಕ್ಕೆ ಶೇಕಡಾ 5ರಂತೆ 50,000, ಅದರ ಮೇಲೆ ಶೇಕಡಾ 10ರ ಉಪಕರ 5,000 ಮತ್ತು ಶೇಕಡಾ 3ರ ಅಧಿಭಾರ 1,500 ರೂಪಾಯಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವು ಶೇಕಡಾ 1ರಿಂದ 2ಕ್ಕೆ ಏರಿರುವುದರಿಂದ ಅದು 20,000 ರೂಪಾಯಿ. ಒಟ್ಟು 76,500 ರೂಪಾಯಿ. ನಗರ ಪ್ರದೇಶದಲ್ಲಿ ಅಧಿಭಾರ ಶೇಕಡಾ 2.

ಋಣಭಾರ ಪ್ರಮಾಣ ಪತ್ರ ಅಥವಾ ಇ.ಸಿ.ಯು ಕೇಳಿದ ಅವಧಿಯಲ್ಲಿ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುತ್ತದೆ. ವ್ಯವಹಾರಗಳಿದ್ದಲ್ಲಿ ನಮೂನೆ 15, ಇಲ್ಲದಿದ್ದಲ್ಲಿ ನಮೂನೆ 16. ನೋಂದಣಿಯಾಗದ ಸಂಚಕಾರ, ಬಾಯಿಮಾತಿನ ವಾಟ್ನಿ, ನ್ಯಾಯಾಲಯದಲ್ಲಿರುವ ದಾವೆ ಇದರಲ್ಲಿ ಕಾಣದೇ ಇರಬಹುದು. ನಮೂನೆ 16 ಕೈಗೆ ಬಂದಿತೆಂದು ನಿಶ್ಚಿಂತರಾಗುವುದು ಸರಿಯಲ್ಲ.

ಗಹಾಣ ಅಥವಾ ಅಡಮಾನ

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 58ನೇ ಕಲಂ ಆರು ಬಗೆಯ ಅಡಮಾನಗಳನ್ನು ಹೇಳುತ್ತದೆ. ಈ ಭಾಗದಲ್ಲಿ ಹೆಚ್ಚಾಗಿ ಕಂಡುಬರುವುದು ಮೂರು. ಮೂಲ ಕಾಗದಪತ್ರಗಳನ್ನು ಸಾಲದ ಭದ್ರತೆಗೆ ಒಪ್ಪಿಸುವುದು ಮೊದಲನೆಯದು. ಬ್ಯಾಂಕುಗಳ ಗೃಹ ಸಾಲ ಬಹುತೇಕ ಈ ಬಗೆಯದು. ಆಸ್ತಿಯ ಸ್ವಾಧೀನವನ್ನು ಸಾಲ ಕೊಟ್ಟವರಿಗೆ ಬಿಟ್ಟು, ಅದರ ಉತ್ಪನ್ನವನ್ನು ಬಡ್ಡಿಗೆ ಅಥವಾ ಅಸಲಿಗೆ ಹಿಡಿಯುವ ಸ್ವಾಧೀನ ಅಡಮಾನ ಎರಡನೆಯದು. ಲಾವಣಿಯನ್ನು ಇದರೊಂದಿಗೆ ಬೆರೆಸಬಾರದು. ಲಾವಣಿ ಗೇಣಿಯ ವ್ಯವಹಾರ, ಸಾಲದ್ದಲ್ಲ.

ಮೂರನೆಯದು ಮುದ್ದತ್ ಖರೀದಿ, ಅಂದರೆ ಷರತ್ತಿನ ಮಾರಾಟದ ರೂಪದ ಅಡಮಾನ. ಹೆಚ್ಚಿನ ಮನೆಗಳು ಕೈತಪ್ಪುವುದು ಇಲ್ಲಿಯೇ. ಮದುವೆಗೋ ಆಸ್ಪತ್ರೆಗೋ ಹಣ ಬೇಕಾದ ಕುಟುಂಬವು ಮನೆಯನ್ನು ಗಹಾಣ ಇಡುತ್ತಿದ್ದೇವೆಂದು ತಿಳಿದು ಖರೀದಿ ಪತ್ರಕ್ಕೆ ಸಹಿ ಮಾಡುತ್ತದೆ. "ಹಣ ಕೊಟ್ಟ ದಿನ ತಿರುಗಿ ಬರೆದುಕೊಡುತ್ತೇನೆ" ಎಂಬ ಮಾತು ಬಾಯಿಯಲ್ಲಿ ಅಥವಾ ಬೇರೊಂದು ಕಾಗದದಲ್ಲಿ ಇರುತ್ತದೆ. 1929ರ ತಿದ್ದುಪಡಿಯ ಪ್ರಕಾರ, ತಿರುಗಿ ಕೊಡುವ ಷರತ್ತು ಖರೀದಿ ಪತ್ರದೊಳಗೇ ಬರೆದಿರದಿದ್ದಲ್ಲಿ ಅಂತಹ ವ್ಯವಹಾರವನ್ನು ಅಡಮಾನವೆಂದು ಪರಿಗಣಿಸಲಾಗುವುದಿಲ್ಲ. ಬೇರೆ ಕಾಗದದಲ್ಲಿದ್ದರೆ ಅದು ಮರುಖರೀದಿಯ ಕರಾರು ಮಾತ್ರ. ಅದರಲ್ಲಿ ಹೇಳಿದ ಗಡುವು ಮೀರಿದರೆ ಮನೆ ಹೋದಂತೆಯೇ.

ಅಡಮಾನವಾಗಿದ್ದಲ್ಲಿ ಸ್ಥಿತಿ ಬೇರೆ. ಅದೇ ಅಧಿನಿಯಮದ 60ನೇ ಕಲಂ ಸಾಲಗಾರರಿಗೆ ಹಣ ತೀರಿಸಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕನ್ನು ನೀಡಿದೆ. ದಾವೆ ಹೂಡಲು 1963ರ ಕಾಲಮಿತಿ ಅಧಿನಿಯಮದಲ್ಲಿ 30 ವರ್ಷಗಳ ಅವಧಿ ಇದೆ. ಎರಡು ಪತ್ರಗಳ ನಡುವಿನ ಅಂತರ ಇಷ್ಟು ದೊಡ್ಡದಾಗಿರುವುದರಿಂದ, ಸಹಿ ಮಾಡುವ ಮುನ್ನ ಪತ್ರದ ತಲೆಬರಹವನ್ನೂ ಷರತ್ತುಗಳನ್ನೂ ಪೂರ್ತಿ ಓದಿಸಿ ಕೇಳತಕ್ಕದ್ದು. ಉಪನೋಂದಣಾಧಿಕಾರಿಗಳು "ಪತ್ರ ಬರೆದುಕೊಟ್ಟಿದ್ದೀರಾ" ಎಂದು ಕೇಳುವ ಪ್ರಶ್ನೆಯು ಬರಿಯ ವಿಧಿಯಲ್ಲ. ಸಂದೇಹವಿದ್ದಲ್ಲಿ ಹೇಳಲು ಅದೇ ಸಮಯ.

ಬ್ಯಾಂಕಿನ ಗೃಹ ಸಾಲ

ಮಾಸಿಕ ಸಮಾನ ಕಂತಿನಲ್ಲಿ ಬಡ್ಡಿ ಮತ್ತು ಅಸಲು ಎರಡೂ ಸೇರಿರುತ್ತವೆ. 10 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ಕಂತು ಸುಮಾರು 8,997 ರೂಪಾಯಿ. ಮೊದಲ ತಿಂಗಳು ಅದರಲ್ಲಿ 7,500 ಬಡ್ಡಿಗೆ ಹೋಗಿ ಅಸಲಿಗೆ 1,497 ಮಾತ್ರ ಜಮೆಯಾಗುತ್ತದೆ. ಎರಡು ವರ್ಷ ಕಟ್ಟಿದರೂ ಸಾಲ ಇಳಿದಿಲ್ಲವೆಂಬ ದೂರಿಗೆ ಇದೇ ಕಾರಣ.

ಕಂತು 90 ದಿನಕ್ಕೂ ಹೆಚ್ಚು ಬಾಕಿ ಉಳಿದರೆ ಸಾಲವು ಅನುತ್ಪಾದಕವೆನಿಸುತ್ತದೆ. ಬಳಿಕ 2002ರ ಸರ್ಫೇಸಿ ಅಧಿನಿಯಮದಂತೆ ಬ್ಯಾಂಕು 60 ದಿನಗಳ ನೋಟೀಸು ನೀಡಿ ಆಸ್ತಿ ವಶಕ್ಕೆ ಕ್ರಮ ಕೈಗೊಳ್ಳಬಹುದು. ನೋಟೀಸಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಲು ಸಾಲಗಾರರಿಗೆ ಹಕ್ಕಿದೆ. ಲಕೋಟೆ ಒಡೆಯದೆ ಇಡುವುದರಿಂದ ಗಡುವು ನಿಲ್ಲುವುದಿಲ್ಲ.

ಸಾಲ ಪೂರ್ಣ ತೀರಿದ ನಂತರ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕೆಂದೂ, ತಮ್ಮ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದೂ ರಿಸರ್ವ್ ಬ್ಯಾಂಕು ಆದೇಶಿಸಿದ್ದು, 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಬ್ಯಾಂಕಿನ ಪರವಾನಿಗೆ ಇಲ್ಲದ ಸೌಹಾರ್ದ ಪತ್ತಿನ ಸಹಕಾರಿಗಳು ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಒಳಪಡುವುದಿಲ್ಲ. ಅಲ್ಲಿ ಸಾಲ ಪಡೆಯುವವರು ಪತ್ರಗಳನ್ನು ಒಪ್ಪಿಸುವಾಗಲೇ ಪಟ್ಟಿ ಮಾಡಿ ಸಹಿ, ಮೊಹರು ಪಡೆದುಕೊಳ್ಳುವುದು ಉತ್ತಮ.

ಕಟ್ಟಡ ನಿರ್ಮಾಣ

ಉಸುಕು ಮತ್ತು ಖಡಿಯ ಅಳತೆ ಬ್ರಾಸ್. 1 ಬ್ರಾಸ್ ಎಂದರೆ 100 ಘನ ಅಡಿ. ಟ್ರ್ಯಾಕ್ಟರ್ ಲೆಕ್ಕಕ್ಕಿಂತ ಬ್ರಾಸ್ ಲೆಕ್ಕ ಬರೆಸುವುದು ಲೇಸು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಂತಹ ನೆಲದಲ್ಲಿ ಪಾಯದ ಆಳವನ್ನು ಗವಂಡಿಯ ಅಂದಾಜಿಗೆ ಬಿಡದೆ ಇಂಜಿನಿಯರರಿಂದ ನಿಗದಿಪಡಿಸಿಕೊಳ್ಳತಕ್ಕದ್ದು. ಸೆಟ್‌ಬ್ಯಾಕ್ ಎಂದರೆ ಕಟ್ಟಡದ ಸುತ್ತ ಬಿಡಬೇಕಾದ ತೆರವು. ಕಾರ್ಪೆಟ್ ಏರಿಯಾ ಎಂದರೆ ಹೊರಗೋಡೆಗಳನ್ನು ಬಿಟ್ಟು ಮನೆಯೊಳಗೆ ಬಳಕೆಗೆ ದೊರೆಯುವ ನೆಲ. ಬ್ಯಾಂಕುಗಳು ನಿರ್ಮಾಣ ಸಾಲವನ್ನು ಪಾಯ, ಗೋಡೆ, ಸ್ಲ್ಯಾಬ್ ಎಂಬ ಹಂತಗಳಲ್ಲಿ ಬಿಡುಗಡೆ ಮಾಡುತ್ತವೆ.

ವಿದ್ಯುತ್ ಸಂಪರ್ಕದ ವಿಷಯದಲ್ಲಿ ತಾಲ್ಲೂಕುಗಳ ನಡುವೆ ವ್ಯತ್ಯಾಸವಿದೆ. ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಅರ್ಜಿದಾರರು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗಕ್ಕೂ, ಹುಕ್ಕೇರಿ ತಾಲ್ಲೂಕಿನವರು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೂ ಅರ್ಜಿ ಸಲ್ಲಿಸತಕ್ಕದ್ದು.