ಬಳ್ಳಾರಿ ಕಲಿಸಿದ್ದು: ಆರು ಔಷಧ, ಒಂದು ಕಡತ, ತಿಂಗಳಿಗೊಂದು ಸಭೆ

ಬೇಸಿಗೆ ಬಂತೆಂದರೆ ಎಂ.ಎಸ್.ಡಬ್ಲ್ಯೂ. ಓದುವ ಹುಡುಗ ಹುಡುಗಿಯರು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಹೊರರೋಗಿಗಳ ಕೇಸ್ ಹಿಸ್ಟರಿ ಬರೆಯುತ್ತಾರೆ, ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆಗೆ ಹೋಗುತ್ತಾರೆ, ಕೆಲವು ವಾರ ಕಳೆದು ವರದಿ ಒಪ್ಪಿಸಿ ಹೊರಡುತ್ತಾರೆ. ಅವರು ಬಂದು ಕೂರುವ ಆ ಕುರ್ಚಿ ಅಲ್ಲಿಗೆ ಹೇಗೆ ಬಂತು ಎಂದು ಕೇಳಿದರೆ ಐವತ್ತು ವರ್ಷ ಹಿಂದೆ ಹೋಗಬೇಕು. ಆ ಕತೆಯ ದೊಡ್ಡ ಭಾಗ ನಡೆದದ್ದು ನಮ್ಮ ರಾಜ್ಯದ ಹಳ್ಳಿಗಳಲ್ಲೇ.

ಸ್ವಾತಂತ್ರ್ಯ ಬರುವ ಹೊತ್ತಿಗೆ ಇಡೀ ದೇಶದಲ್ಲಿ ಮಾನಸಿಕ ರೋಗಿಗಳಿಗೆ ಇದ್ದದ್ದು ಸುಮಾರು 10,000 ಹಾಸಿಗೆ. ಜನ 'ಹುಚ್ಚಾಸ್ಪತ್ರೆ' ಎನ್ನುತ್ತಿದ್ದ ಬೆಂಗಳೂರಿನ ಆಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರ ಡಿಸೆಂಬರ್‌ನಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಆದರೆ ಹಳ್ಳಿಯ ರೋಗಿಗೆ ದಾರಿ ಮಾತ್ರ ಹಳೆಯದೇ: ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕು, ಇಲ್ಲವೇ ದೇವಸ್ಥಾನ, ದರ್ಗಾ, ಮಂತ್ರವಾದಿಯ ಮನೆ.

ಆ ದಾರಿಯನ್ನು ಹತ್ತಿರದಿಂದ ನೋಡಿದವರು ಮನೋವೈದ್ಯ ಆರ್.ಎಲ್. ಕಪೂರ್. ಕರಾವಳಿಯ ಕೋಟದಲ್ಲಿ ಅವರು ಜಿ.ಎಂ. ಕಾರ್‌ಸ್ಟೇರ್ಸ್ ಜೊತೆ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನೆಗಳಿಗೆ ಹೋಗಿ ಮಾನಸಿಕ ತೊಂದರೆಗಳ ಅಧ್ಯಯನ ಮಾಡಿದರು. ಅದು 1976ರಲ್ಲಿ ಪುಸ್ತಕವಾಗಿ ಬಂತು. ಜನ ಯಾರ ಬಳಿ ಕಷ್ಟ ಹೇಳಿಕೊಳ್ಳುತ್ತಾರೆ ಎಂಬುದನ್ನೂ ಅವರು ಗಮನಿಸಿದ್ದರು. ವೈದ್ಯ, ಮಂತ್ರವಾದಿ, ಪಾತ್ರಿ, ಎಲ್ಲರೂ ಅದರಲ್ಲಿದ್ದಾರೆ.

ಇದೇ ಹೊತ್ತಿಗೆ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯ ಘಟಕ ಹುಟ್ಟಿತು. ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಚಂಡೀಗಢದ ಹತ್ತಿರದ ರಾಯ್‌ಪುರ ರಾಣಿಯಲ್ಲೂ ಇಂಥದೇ ಪ್ರಯತ್ನ ನಡೆದಿತ್ತು. ಮನೋವೈದ್ಯರು ಊರೂರಿಗೆ ಸಿಗುವುದಿಲ್ಲ. ಹಾಗಾದರೆ ಜ್ವರಕ್ಕೆ ಮಾತ್ರೆ ಕೊಡುವ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಈ ಕೆಲಸ ಕಲಿಸಬಹುದೇ? ಎರಡೂ ಕಡೆ ಪರೀಕ್ಷಿಸಿದ್ದು ಇದನ್ನೇ. ಕಲಿಸಬಹುದು ಎಂದು ತೋರಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಒಪ್ಪಿಗೆ ಪಡೆಯಿತು.

ಕಾಗದದ ಮೇಲಿನ ಕಾರ್ಯಕ್ರಮವನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿ. 1985ರಿಂದ 1990ರವರೆಗೆ, ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಅವರಂಥವರು ಇದರ ಹಿಂದಿದ್ದರು. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ನಮ್ಮಲ್ಲಿ ಅನೇಕರು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡು ಓದಿದ್ದೇವೆ.

ಬಳ್ಳಾರಿ ಮಾದರಿಯಲ್ಲಿ ದೊಡ್ಡ ಕಟ್ಟಡವಿಲ್ಲ. ಆರೋಗ್ಯ ಕೇಂದ್ರದ ಸಿಬ್ಬಂದಿಗೆಲ್ಲ ತರಬೇತಿ. ಜಿಲ್ಲಾ ಕೇಂದ್ರದಲ್ಲೊಬ್ಬ ಮನೋವೈದ್ಯರು. ಹಳ್ಳಿ ಮಟ್ಟದಲ್ಲೇ ಸಿಗುವ ಆರು ಮುಖ್ಯ ಔಷಧಗಳು. ಅವುಗಳಲ್ಲಿ ಮೂರ್ಛೆರೋಗದ್ದೂ ಸೇರಿತ್ತು, ಏಕೆಂದರೆ ಹಳ್ಳಿಯಲ್ಲಿ ಅದನ್ನೂ 'ಗಾಳಿ ಸೋಕು' ಎಂದೇ ನೋಡುತ್ತಿದ್ದರು. ಪ್ರತಿ ರೋಗಿಗೊಂದು ಸರಳ ಕಡತ. ವೈದ್ಯಾಧಿಕಾರಿಗಳ ತಿಂಗಳ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಇದನ್ನೂ ಪರಿಶೀಲಿಸುತ್ತಿದ್ದರು. ನಮಗೆ ಮುಖ್ಯವೆನಿಸುವುದು ಈ ಕೊನೆಯ ಎರಡು. ತರಬೇತಿ ಕೆಲವು ದಿನದಲ್ಲಿ ಮುಗಿಯುತ್ತದೆ. ಈ ತಿಂಗಳು ಮಾತ್ರೆಗೆ ಬಾರದವರು ಯಾರು ಎಂದು ಕೇಳುವುದು ಮಾತ್ರ ಮುಗಿಯುವ ಕೆಲಸವಲ್ಲ.

1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಎದುರಿಗಿಟ್ಟುಕೊಂಡದ್ದು ಬಳ್ಳಾರಿಯನ್ನೇ. ಆರಂಭ ನಾಲ್ಕು ಜಿಲ್ಲೆಗಳಿಂದ. ಅದು ಎಲ್ಲೆಡೆ ತಲುಪುವ ಮೊದಲೇ, 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಸತ್ತರು. ಆ ದಿನ ಅದು ಇಡೀ ದೇಶಕ್ಕೆ ಸುದ್ದಿಯಾಯಿತು. ಸರಪಳಿ ಸುದ್ದಿಯಾಗುತ್ತದೆ. ಅದಕ್ಕೆ ಮುಂಚೆ ಮಾತ್ರೆ ತಪ್ಪಿದ ತಿಂಗಳುಗಳು ಸುದ್ದಿಯಾಗುವುದಿಲ್ಲ.

ಈಗ ಕಾನೂನು ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎನ್ನುತ್ತದೆ, ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯದ ಮಂಗಳವಾರದ ಕ್ಲಿನಿಕ್‌ಗಳಿವೆ. 2022ರಿಂದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಆದರೂ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ತಾಯಿಗೆ ಅಂದಿನ ಕೂಲಿ ಹೋಗುತ್ತದೆ, ಇಬ್ಬರ ಬಸ್ ಚಾರ್ಜು ಬೀಳುತ್ತದೆ. ಅಷ್ಟು ಮಾಡಿ ಬಂದಾಗ ಮಾತ್ರೆ ಇಲ್ಲದಿದ್ದರೆ ಮುಂದಿನ ಮಂಗಳವಾರ ಆಕೆ ಬರುತ್ತಾಳೆಂದು ಹೇಳಲಾಗದು. ಮಗ ಸ್ವಲ್ಪ ಸುಧಾರಿಸಿದ್ದರಂತೂ ಮಾತ್ರೆ ನಿಲ್ಲಿಸುವವರೇ ಹೆಚ್ಚು.

ಆದ್ದರಿಂದ ಬೇಸಿಗೆಗೆ ಬರುವ ವಿದ್ಯಾರ್ಥಿಗಳಿಗೆ ನಮ್ಮದೊಂದು ಮಾತು. ನಿಮ್ಮ ವರದಿ ಕಾಲೇಜಿಗೆ ಸೇರುತ್ತದೆ, ಸೇರಲಿ. ಹೊರಡುವ ಮುಂಚೆ ಒಂದು ಪಟ್ಟಿ ಬರೆದು ಆಶಾ ಕಾರ್ಯಕರ್ತೆಯ ಕೈಗೂ ವೈದ್ಯಾಧಿಕಾರಿಯ ಕೈಗೂ ಕೊಡಿ: ನೀವು ಭೇಟಿಯಾದವರಲ್ಲಿ ಔಷಧ ಬಿಟ್ಟವರು ಯಾರು, ಏಕೆ ಬಿಟ್ಟರು, ಮುಂದಿನ ಸಲ ಯಾವತ್ತು ಬರಬೇಕು. ಅದು ಆ ಎರಡು ಕೈಗಳನ್ನು ಬಿಟ್ಟು ಹೊರಗೆ ಹೋಗಬಾರದು, ವಾಟ್ಸ್‌ಆ್ಯಪ್ ಗುಂಪಿಗಂತೂ ಬೇಡ. ಜಿಲ್ಲೆಯಲ್ಲಿ ವರದಿ ಮಾಡುವ ನಾವು ಕೇಳಬೇಕಾದ್ದೂ ಇಷ್ಟೇ: ಈ ತಿಂಗಳ ಸಭೆಯಲ್ಲಿ ಆ ಪಟ್ಟಿ ಚರ್ಚೆಗೆ ಬಂತೇ?